ಗೊರೂರು ಡ್ಯಾಮ್ ತುಂಬ ನೀರಿದೆ, ನಮ್ಮ ಹಳ್ಳದಲ್ಲಿ ಮಳೆಗೆ ಹತ್ತಿ ಬರುವ ಹತ್ತುಮೀನು ಮಾತ್ರ ಇಲ್ಲ. ಮರಿ ತಂದು ಬಿಡಬಹುದಾ?

ಕಾಫಿಬೇಲಿ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಕಲೇಶಪುರದ ಹತ್ತಿರ. ಮನೆ ಕೆಳಗೇ ಒಂದು ಹಳ್ಳ ಇದೆ, ಅದು ಹೋಗಿ ಹೇಮಾವತಿಗೆ ಸೇರುತ್ತದೆ. ನಾನು ಈಗ ಇರುವುದು ಬೆಂಗಳೂರಿನಲ್ಲಿ, ಮೀನಿನ ಬಗ್ಗೆ ನನಗೆ ಗೊತ್ತಿರುವುದು ಮುಳ್ಳು ಬಿಡಿಸಿ ತಿನ್ನುವಷ್ಟು ಮಾತ್ರ. ಆದ್ದರಿಂದ ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ.

ನಮ್ಮಜ್ಜ ಹೇಳುವ ಪ್ರಕಾರ ಮೃಗಶಿರಾ ಮಳೆ ಹಿಡಿದು ಎರಡು ಮೂರು ದಿನಕ್ಕೆ ಹಳ್ಳ ಕೆಂಪಾಗಿ ಬರುತ್ತಿತ್ತು, ಅದೇ ರಾತ್ರಿ ಗದ್ದೆ ಬದುವಿನ ತನಕ ಹತ್ತುಮೀನು ಬರುತ್ತಿದ್ದವು. ರಾತ್ರಿ ಇಟ್ಟ ಕೂಣಿಯನ್ನು (ಮೀನು ಹಿಡಿಯುವ ಬುಟ್ಟಿ) ಬೆಳಗ್ಗೆ ಎತ್ತಲು ಇಬ್ಬರು ಬೇಕಿತ್ತಂತೆ. ಅಜ್ಜನ ಲೆಕ್ಕದಲ್ಲಿ ಸ್ವಲ್ಪ ಕಳೆಯೋಣ, ಒಬ್ಬರು ಅಂತಲೇ ಇಟ್ಟುಕೊಳ್ಳಿ. ಹೋದ ವರ್ಷ ನಮ್ಮ ಚಿಕ್ಕಪ್ಪ ಗದ್ದೆ ಬದಿಯಲ್ಲಿ ಇಟ್ಟ ಕೂಣಿಗೆ ಬಿದ್ದಿದ್ದು ಎರಡು ಏಡಿ ಮತ್ತು ಯಾರದೋ ಹವಾಯಿ ಚಪ್ಪಲಿ.

ಊರಲ್ಲಿ ಎಲ್ಲರೂ "ಡ್ಯಾಮ್ ಆದಮೇಲೆ ಮೀನು ಹೋಯ್ತು" ಅನ್ನುತ್ತಾರೆ. ನನಗೆ ಅರ್ಥವಾಗದಿರುವುದು ಇದೇ. ಗೊರೂರು ಡ್ಯಾಮ್‌ನಲ್ಲಿ 37 ಟಿಎಂಸಿ ನೀರು ನಿಲ್ಲುತ್ತದೆ. ನೀರು ಜಾಸ್ತಿ ಆದರೆ ಮೀನೂ ಜಾಸ್ತಿ ಆಗಬೇಕಲ್ವಾ?

ಇನ್ನೊಂದು, ಇದೇ ಮುಖ್ಯ. ನಮ್ಮ ಯುವಕ ಸಂಘದವರು ಈ ಸಲ ದುಡ್ಡು ಒಟ್ಟುಹಾಕಿ ಹಳ್ಳಕ್ಕೆ ಮೀನುಮರಿ ಬಿಡೋಣ ಅಂತಿದ್ದಾರೆ. ಕಾಟ್ಲಾ, ರೋಹು ಅಂತ ಒಂದು ಗುಂಪು, ಹಾರಂಗಿಯಿಂದ ಮಹಶೀರ್ ಮರಿ ತರೋಣ ಅಂತ ಇನ್ನೊಂದು ಗುಂಪು. ನನ್ನ ಪಾಲು ಎರಡು ಸಾವಿರ ಕೇಳಿದ್ದಾರೆ. ಕೊಡಲಾ?

ಗೆಂಡೆಮೀಸೆ:

ಮೊದಲು ಎರಡು ಸಾವಿರ ಜೇಬಿನಲ್ಲೇ ಇಟ್ಟುಕೊಳ್ಳಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಓದಿದ್ದು ಮೀನುಗಾರಿಕೆ, ಕೆಲಸ ಈಗ ಬೇರೆ. ನಿಮ್ಮ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಡ್ಯಾಮ್ ಕಟ್ಟುವವರೂ ಬಹಳ ಕಾಲ ಹೀಗೇ ಯೋಚಿಸಿದ್ದರು. ಹೊಳೆ ಮೀನಿಗೆ ನೀರು ಇದ್ದರೆ ಸಾಲದು, ಅದು ಓಡುತ್ತಿರಬೇಕು, ಅದೂ ಸರಿಯಾದ ತಿಂಗಳಲ್ಲಿ.

ಹತ್ತುಮೀನು ಹತ್ತುವುದು ಮೊಟ್ಟೆ ಇಡಲಿಕ್ಕೆ. ಬೇಸಿಗೆ ಪೂರ್ತಿ ಅವು ದೊಡ್ಡ ಹೊಳೆಯ ಮಡುಗಳಲ್ಲಿ ಕಾಲ ಹಾಕುತ್ತವೆ, ಮೇ ಮುಗಿಯುವ ಹೊತ್ತಿಗೆ ಹೊಟ್ಟೆ ತುಂಬ ಮೊಟ್ಟೆ ಬಲಿತಿರುತ್ತದೆ. ಮೊದಲ ಮಳೆಗೆ ನೀರು ತಣ್ಣಗಾಗುತ್ತದೆ, ಕೆಂಪಾಗುತ್ತದೆ, ಸೆಳೆತ ಏರುತ್ತದೆ. ಇವೆಲ್ಲ ಸೇರಿ ಮೀನಿನ ಮೈಯಲ್ಲಿ ಹಾರ್ಮೋನಿನ ಕೆಲಸ ಶುರುವಾಗುತ್ತದೆ. ಆಗ ಅದು ಸೆಳೆತಕ್ಕೆ ಎದುರಾಗಿ ಹೊರಡುತ್ತದೆ. ಸಣ್ಣ ಹಳ್ಳವೇ ಯಾಕೆ ಬೇಕು ಅಂದರೆ ಅಲ್ಲಿ ನೀರು ತೆಳು, ಮರಿಗೆ ತಿನ್ನಲು ಹುಳ ಹುಪ್ಪಟೆ ಸಿಗುತ್ತದೆ, ಮರಿಯನ್ನೇ ತಿನ್ನುವ ಬಾಳೆಮೀನಿನಂಥ ದೊಡ್ಡ ಮೀನುಗಳು ಅಷ್ಟು ಮೇಲೆ ಬರುವುದು ಕಡಿಮೆ. ಈ ಮಳೆಯ ಸುಳಿವು ಸಿಗಲಿಲ್ಲ ಅಂದರೆ ಎಷ್ಟೋ ಜಾತಿಗಳಲ್ಲಿ ಮೊಟ್ಟೆ ಹೊರಗೆ ಬರುವುದೇ ಇಲ್ಲ, ಮೀನಿನ ಮೈ ಅದನ್ನು ವಾಪಸ್ ಕರಗಿಸಿಕೊಂಡುಬಿಡುತ್ತದೆ.

ಈಗ ಡ್ಯಾಮ್ ಮಾಡುವ ಕೆಲಸ ನೋಡಿ. ಅಡ್ಡ ಗೋಡೆ ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದಿರುವುದು ಇನ್ನೊಂದು. ಜೂನ್, ಜುಲೈನ ಮೊದಲ ನೆರೆ ಇದೆಯಲ್ಲ, ಅದನ್ನೇ ಡ್ಯಾಮ್ ಹಿಡಿದಿಟ್ಟುಕೊಳ್ಳುವುದು. ನಾವು ಪೇಪರಿನಲ್ಲಿ "ಇಂದಿನ ಒಳಹರಿವು" ಓದಿ ಖುಷಿಪಡುವ ದಿನಗಳಲ್ಲೇ ಕೆಳಗಿನ ಹೊಳೆ ಸೊರಗಿರುತ್ತದೆ. ಮೃಗಶಿರಾ ಮಳೆ ಬಂದಿದ್ದೇ ಕೆಳಗಿನ ಮೀನಿಗೆ ಗೊತ್ತಾಗುವುದಿಲ್ಲ. ಆಮೇಲೆ ಡ್ಯಾಮ್ ತುಂಬಿತು ಅಂತ ಒಂದು ದಿನ ಗೇಟ್ ಎತ್ತುತ್ತಾರೆ, ಒಮ್ಮೆಲೇ ಹುಚ್ಚು ನೀರು, ಎರಡು ದಿನ ಬಿಟ್ಟು ಬಂದ್. ಇದನ್ನು ನಂಬಿ ಯಾವ ಮೀನು ಸಂಸಾರ ಹೂಡುತ್ತದೆ ಹೇಳಿ.

ಕೆಲವು ಮೀನಿಗೆ ಮೊಟ್ಟೆ ಇಡಲು ಬೆಣಚುಕಲ್ಲಿನ ತಳ ಬೇಕು. ಕಲ್ಲಿನ ಸಂದಿಯಲ್ಲಿ ನೀರು ಆಡುತ್ತಿದ್ದರೆ ಮೊಟ್ಟೆಗೆ ಉಸಿರು. ಡ್ಯಾಮ್ ಮರಳು, ಸಣ್ಣಕಲ್ಲು ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಕೆಳಗೆ ಬರೀ ಬಂಡೆ ಉಳಿಯುತ್ತದೆ, ಮೇಲೆ ಹಿನ್ನೀರಿನಲ್ಲಿ ಕಲ್ಲಿನ ಮೇಲೆಲ್ಲ ಗೋಡುಮಣ್ಣು ಕೂರುತ್ತದೆ. ಎರಡೂ ಕಡೆ ಮೊಟ್ಟೆಗೆ ಜಾಗ ಇಲ್ಲ. ಇದರ ಜೊತೆಗೆ ಆಳವಾದ ಡ್ಯಾಮ್‌ಗಳಲ್ಲಿ ತಳದ ನೀರು ತಣ್ಣಗಿರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ, ತಳದ ತೂಬಿನಿಂದ ಬಿಟ್ಟರೆ ಆ ನೀರೇ ಹೊಳೆಗೆ ಹೋಗುತ್ತದೆ.

ಆದರೆ ನಿಮ್ಮ ಊರಿನ ವಿಷಯ ಸ್ವಲ್ಪ ಬೇರೆ, ಗಮನಿಸಿ. ಹೇಮಾವತಿ ಹೋಗಿ ಕಾವೇರಿಗೆ ಸೇರುವುದು ಕೆಆರ್‌ಎಸ್ ಹಿನ್ನೀರಿನಲ್ಲಿ. ಅಲ್ಲಿ 1930ರ ದಶಕದಿಂದ ಒಂದು ಗೋಡೆ, ಗೊರೂರಿನಲ್ಲಿ 1979ರಿಂದ ಇನ್ನೊಂದು. ನಡುವಿನ ಮೀನಿಗೆ ಎರಡೂ ಬಾಗಿಲು ಹಾಕಿದ ಮನೆ. ನೀವು ಇರುವುದು ಗೊರೂರಿನ ಮೇಲೆ. ಅಲ್ಲಿಯ ಮೀನುಗಳು ಹಿನ್ನೀರನ್ನೇ ಒಂದು ದೊಡ್ಡ ಮಡು ಮಾಡಿಕೊಂಡು ಮಳೆಗಾಲದಲ್ಲಿ ಮೇಲಿನ ಹೊಳೆಗೆ ಹತ್ತಬಹುದು, ಗಟ್ಟಿ ಜಾತಿಗಳು ಹತ್ತುತ್ತವೆ ಕೂಡ. ಹಾಗಾಗಿ ನಿಮ್ಮ ಹಳ್ಳದಲ್ಲಿ ಒಂದೂ ಇಲ್ಲ ಅಂದರೆ ಪೂರ್ತಿ ತಪ್ಪನ್ನು ಡ್ಯಾಮ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ತೋಟದ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆ ನೀರು, ಹಳ್ಳಕ್ಕೆ ಬಿಡುತ್ತಾರಾ? ಬೇಸಿಗೆಯಲ್ಲಿ ಮಡುವಿಗೆ ತೋಟೆ (ಸಿಡಿಮದ್ದು) ಹೊಡೆಯುವುದು, ಬ್ಲೀಚಿಂಗ್ ಪುಡಿ ಹಾಕುವುದು ಇದೆಯಾ? ಮತ್ತೆ, ಹಳ್ಳಕ್ಕೆ ಅಡ್ಡ ಏನಾದರೂ ಕಟ್ಟಿದ್ದಾರಾ? ಚೆಕ್ ಡ್ಯಾಮ್, ಸೇತುವೆ, ಏನೇ ಆಗಲಿ. ನೋಡಿ ಹೇಳಿ.

ಹರಿಗೋಲು:

ಗೆಂಡೆಮೀಸೆ ಸರ್, ಓದಿದವರು ಹೇಳುವುದು ಸರಿ ಇರಬಹುದು, ಆದರೆ ನಮ್ಮ ಕಡೆ ಮಾತೂ ಸ್ವಲ್ಪ ಕೇಳಿ. ನಾವು ತುಂಗಭದ್ರಾ ಹಿನ್ನೀರಿನವರು. ಡ್ಯಾಮ್ ಆಗಿದ್ದು 1953ರಲ್ಲಿ. ನಮ್ಮಪ್ಪ ಅದೇ ನೀರಿನಲ್ಲಿ ಬಲೆ ಬಿಟ್ಟು ನಮ್ಮನ್ನು ಓದಿಸಿದ. ಕಾಟ್ಲಾ ಒಂದೊಂದು ಹತ್ತು ಕೆಜಿ ಮೇಲೆ ಸಿಕ್ಕಿದ್ದು ನಾನೇ ಹರಿಗೋಲಿನಿಂದ ಎತ್ತಿದ್ದೇನೆ. ಡ್ಯಾಮ್ ಮೀನು ಕೊಂದಿತು ಅಂತ ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಇಲ್ಲಿ ಸಾವಿರಾರು ಮನೆಗೆ ಒಲೆ ಹೊತ್ತುವುದು ಆ ನೀರಿನಿಂದ. ಗೇಟ್ ನಂಬರ್ 19 ಕೊಚ್ಚಿಹೋಯಿತಲ್ಲ 2024ರ ಆಗಸ್ಟ್‌ನಲ್ಲಿ, ಆಗ ರೈತರ ಬೆಳೆ ಬಗ್ಗೆ ಟಿವಿ ಪೂರ್ತಿ ಮಾತು. ನಮ್ಮ ಮೀನಿನ ಬಗ್ಗೆ ಕೇಳಿದವರು ಯಾರೂ ಇಲ್ಲ.

ಗೆಂಡೆಮೀಸೆ:

ಹರಿಗೋಲು ಅಣ್ಣ, ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಡ್ಯಾಮ್‌ನಲ್ಲಿ ಮೀನಿಲ್ಲ ಅಂತ ನಾನು ಹೇಳಲಿಲ್ಲ. ತೂಕ ಹಾಕಿದರೆ ಹೊಳೆಗಿಂತ ಜಾಸ್ತಿ ಸಿಗಬಹುದು. ಜಾತಿ ಎಣಿಸಿದರೆ ಕಡಿಮೆ.

ಒಂದು ಮಾತು ಕೇಳುತ್ತೇನೆ, ನೀವೇ ಹೇಳಿ. ಸೊಸೈಟಿಯವರು ಪ್ರತಿ ವರ್ಷ ಮರಿ ಬಿಡುವುದು ನಿಲ್ಲಿಸಿದರೆ ಆ ಕಾಟ್ಲಾ ಎಷ್ಟು ವರ್ಷ ಬರುತ್ತದೆ? ಅದು ಗಂಗೆಯ ಕಡೆಯ ನೆರೆ ಬಯಲಿನ ಮೀನು. ಅದರ ಮೊಟ್ಟೆ ನೀರಿನಲ್ಲಿ ತೇಲಿಕೊಂಡು ಹೋಗುತ್ತಾ ಮರಿಯಾಗಬೇಕು, ನಿಂತ ನೀರಿನಲ್ಲಿ ತಳಕ್ಕೆ ಕೂತು ಕೆಸರಿನಲ್ಲಿ ಸಾಯುತ್ತದೆ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಞ್ಞಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಅದರ ನೆನಪಿಗೇ. ಹೊಳೆಯ ನೆರೆ ಮಾಡುತ್ತಿದ್ದ ಕೆಲಸವನ್ನು ಈಗ ಸೂಜಿ ಮಾಡುತ್ತದೆ ಅಷ್ಟೇ. ನಿಮ್ಮ ಹಿನ್ನೀರು ಒಂದು ದೊಡ್ಡ ಕೆರೆ, ಒಳ್ಳೆಯ ಕೆರೆ. ಅದನ್ನು ಕೆರೆ ಅಂತಲೇ ನಡೆಸೋಣ, ನಿಮ್ಮ ಒಲೆಯೂ ಹೊತ್ತಲಿ. ಆದರೆ ಅದನ್ನು ಹೊಳೆ ಅನ್ನಬೇಡಿ.

ಹರಿಗೋಲು:

ಮರಿ ಬಿಡದಿದ್ದರೆ ಎರಡು ಮೂರು ವರ್ಷಕ್ಕೆ ಜಿಲೇಬಿ ಮೀನು (ತಿಲಾಪಿಯಾ) ಒಂದೇ ಉಳಿಯುತ್ತದೆ. ಅದು ನಿಜ, ಒಪ್ಪಿದೆ.

ಬಳಚುಪ್ರಿಯೆ:

ಎಲ್ಲರೂ ಘಟ್ಟದ ಮೇಲಿನದ್ದೇ ಮಾತಾಡುತ್ತಿದ್ದೀರಿ, ಸ್ವಲ್ಪ ಕೆಳಗೂ ಇಳಿಯಿರಿ. ನಂದು ಹೊನ್ನಾವರ, ಮದುವೆಯಾಗಿ ಬಂದಿದ್ದು ಕುಮಟಾ ಕಡೆಗೆ. ಹಾಗಾಗಿ ಎರಡು ಹೊಳೆಯ ಅಳಿವೆ ನೋಡಿದ್ದೇನೆ, ಒಂದು ಡ್ಯಾಮ್ ಇರುವ ಶರಾವತಿ, ಇನ್ನೊಂದು ಡ್ಯಾಮ್ ಇಲ್ಲದ ಅಘನಾಶಿನಿ. ಎರಡಕ್ಕೂ ಒಂದೇ ಕಡಲು, ಒಂದೇ ಮಳೆ.

ಲಿಂಗನಮಕ್ಕಿ ಆಗಿದ್ದು 1964ರಲ್ಲಿ. ಶರಾವತಿ ಅಳಿವೆಯ ತೊಂದರೆ ನೀರು ಕಡಿಮೆ ಆಗಿದ್ದಲ್ಲ, ಕೇಳಿದರೆ ಆಶ್ಚರ್ಯ ಆಗುತ್ತದೆ, ಬೇಸಿಗೆಯಲ್ಲಿ ಸಿಹಿನೀರು ಜಾಸ್ತಿ ಆಗಿದ್ದು. ಕರೆಂಟ್ ತೆಗೆದ ನೀರನ್ನು ವರ್ಷಪೂರ್ತಿ ಕೆಳಗೆ ಬಿಡುತ್ತಾರೆ. ಮೊದಲೆಲ್ಲ ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕಡಲ ಉಪ್ಪು ನೀರು ಒಳಗೆ ಏರುತ್ತಿತ್ತು. ಬಳಚು, ಕಲ್ವ ಅನ್ನುವ ಚಿಪ್ಪುಜೀವಿಗಳು ಬೆಳೆಯುವುದು ಆ ಉಪ್ಪಿನಲ್ಲಿ. ಈಗ ಉಪ್ಪು ಏರುವುದಿಲ್ಲ, ಬಳಚು ಹೋಯಿತು. ಉಪ್ಪು ನೀರನ್ನು ನಂಬಿ ಒಳಗೆ ಬರುತ್ತಿದ್ದ ಮೀನೂ ಹೋದವು. ಅಘನಾಶಿನಿಯಲ್ಲಿ ಇವತ್ತಿಗೂ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬಳಚು ಆರಿಸಲು ಇಳಿಯುತ್ತಾರೆ, ದೋಣಿಗಟ್ಟಲೆ ಹೊರಗೂ ಹೋಗುತ್ತದೆ. ಬೆಂಗಳೂರಿನ ಐಐಎಸ್‌ಸಿಯವರು ಎರಡೂ ಅಳಿವೆಗಳನ್ನು ಹೋಲಿಸಿ ಬರೆದಿದ್ದಾರೆ. 2024ರಲ್ಲಿ ಅಘನಾಶಿನಿ ಅಳಿವೆ ಲೋಕದ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ನನ್ನ ತವರಿನಲ್ಲಿ ಅಮ್ಮ ಬಳಚು ಸುಕ್ಕ ಮಾಡಬೇಕಾದರೆ ನಾನು ಇಲ್ಲಿಂದ ಒಯ್ಯಬೇಕು. ಹೊಳೆ ದಡದಲ್ಲೇ ಮನೆ, ಬಳಚು ಮಾತ್ರ ಮಗಳ ಮನೆಯಿಂದ. ಅಮ್ಮನಿಗೆ ಇದೊಂದು ಅವಮಾನ.

ಇನ್ನು ಹಾವುಮೀನು. ನೀವು ಘಟ್ಟದ ಹಳ್ಳದಲ್ಲಿ ಹಿಡಿಯುವ ದೊಡ್ಡ ಹಾವುಮೀನು ಹುಟ್ಟುವುದು ಕಡಲಿನಲ್ಲಿ. ಬೆರಳುದ್ದದ ಮರಿ ಹೊಳೆ ಹತ್ತಿ ಬಂದು ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಸಾಯುವ ಮೊದಲು ಮೊಟ್ಟೆ ಇಡಲು ಮತ್ತೆ ಕಡಲಿಗೆ ಹೋಗುತ್ತದೆ. ಹತ್ತುಮೀನಿನದ್ದು ಬರೀ ಹಳ್ಳದ ಪ್ರಯಾಣ. ಇದಕ್ಕೆ ಪೂರ್ತಿ ಹೊಳೆಯೇ ಬೇಕು, ಹೋಗಲೂ ಬೇಕು, ಬರಲೂ ಬೇಕು.

ಮಳೆಯೂರು:

ನಾನು ಇರುವುದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ಇಲ್ಲಿ ಕೊಲಂಬಿಯಾ ನದಿಗೆ ಬಾನವಿಲ್ ಅಂತ ಒಂದು ಡ್ಯಾಮ್ ಇದೆ, 1938ರದ್ದು. ಅದರಲ್ಲಿ ಮೀನಿಗೆ ಮೆಟ್ಟಿಲು ಕಟ್ಟಿದ್ದಾರೆ. ಗಾಜಿನ ಕಿಟಕಿ ಮುಂದೆ ಕೂತು ಹತ್ತಿ ಹೋಗುವ ಸಾಲ್ಮನ್ ಎಣಿಸುವ ಕೆಲಸಕ್ಕೇ ಜನ ಇದ್ದಾರೆ, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅಪ್ಪ ಒಂದು ಗಂಟೆ ಆ ಕಿಟಕಿ ಬಿಟ್ಟು ಏಳಲಿಲ್ಲ. ನಮ್ಮಲ್ಲೂ ಹೀಗೆ ಮೆಟ್ಟಿಲು ಕಟ್ಟಿದರೆ ಆಯಿತಲ್ಲ?

ಗೆಂಡೆಮೀಸೆ:

ಅದೇ ಕೊಲಂಬಿಯಾದಲ್ಲಿ ಇನ್ನೂ ಮೇಲೆ ಗ್ರ್ಯಾಂಡ್ ಕೂಲಿ ಅಂತ ಒಂದು ಇದೆ, ನಿಮ್ಮಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಅಲ್ಲಿ ಮೆಟ್ಟಿಲೇ ಇಲ್ಲ, ಅಷ್ಟು ಎತ್ತರಕ್ಕೆ ಕಟ್ಟಲೂ ಇಲ್ಲ. ಅದರ ಮೇಲಿನ ಹೊಳೆಗೆಲ್ಲ ಸಾಲ್ಮನ್ ಹೋಗುವುದು ನಿಂತುಹೋಯಿತು.

ಮೆಟ್ಟಿಲು ಕೆಲಸ ಮಾಡುವುದು ಗೋಡೆ ತಗ್ಗಿದ್ದಾಗ, ಹತ್ತುವ ಮೀನು ಜಿಗಿಯುವ ಜಾತಿಯಾಗಿದ್ದಾಗ. ಗೊರೂರು 58 ಮೀಟರ್ ಎತ್ತರ. ನಮ್ಮ ಹೊಳೆಯ ಗೇಣುದ್ದದ ಗೆಂಡೆ ಮೀನಿಗೆ ಅದು ಚಂದ್ರಲೋಕ. ಹೇಗೋ ಹತ್ತಿಸಿದಿರಿ ಅಂತಲೇ ಇಟ್ಟುಕೊಳ್ಳೋಣ, ಮೇಲೆ ಹುಟ್ಟಿದ ಮರಿ ಕೆಳಗೆ ಬರುವುದು ಹೇಗೆ? ಅವಕ್ಕೆ ದಾರಿ ತೋರಿಸುವುದೇ ಸೆಳೆತ. ಮೈಲಿಗಟ್ಟಲೆ ನಿಂತ ಹಿನ್ನೀರಿನಲ್ಲಿ ಸೆಳೆತ ಎಲ್ಲಿದೆ? ಫರಕ್ಕಾ ಬ್ಯಾರೇಜ್ ನೋಡಿ, ಅದೇನು ಅಂಥ ಎತ್ತರದ ಡ್ಯಾಮೂ ಅಲ್ಲ. 1975ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ಇಲಿಶ್ ಮೀನು ಕಡಲಿನಿಂದ ಗಂಗೆಯಲ್ಲಿ ಅಲಹಾಬಾದ್ ತನಕ ಹತ್ತುತ್ತಿತ್ತು, ಆಮೇಲೆ ಮೇಲಿನವರಿಗೆ ಅದು ಬರೀ ಕಥೆಯಾಯಿತು. ನಮ್ಮ ಕಾವೇರಿಗೂ ತಮಿಳುನಾಡಿನ ಕಡೆಯಿಂದ ಇಲಿಶ್ ಹತ್ತುತ್ತಿತ್ತು ಸ್ವಾಮಿ. 1934ರಲ್ಲಿ ಮೆಟ್ಟೂರು ಡ್ಯಾಮ್ ಆದ ಮೇಲೆ ಅದೂ ಕುಸಿಯಿತು.

ಮಳೆಯೂರು:

ಒಪ್ಪಿದೆ. ಆದರೆ ಇಲ್ಲೇ ಹತ್ತಿರದಲ್ಲಿ ಎಲ್ವಾ ಅಂತ ನದಿ ಇದೆ, ಅದರ ಎರಡು ಹಳೇ ಡ್ಯಾಮ್‌ಗಳನ್ನು 2011ರಿಂದ 2014ರೊಳಗೆ ಒಡೆದೇ ತೆಗೆದರು. ಸಾಲ್ಮನ್ ವಾಪಸ್ ಬಂದಿವೆ. ಸುಮ್ನೆ ಹೇಳಿದೆ, ಗೊರೂರು ಒಡೆಯಿರಿ ಅಂತಲ್ಲ.

ಕಾಫಿಬೇಲಿ:

ಒಡೆದರೆ ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಮುಳುಗುವ ಫೋಟೋ ತೆಗೆಯುವವರಿಗೆ ಬೇಜಾರಾಗುತ್ತದೆ. :)

ಗೆಂಡೆಮೀಸೆ ಸರ್, ಮರಿ ವಿಷಯ ಹೇಳುತ್ತೇನೆ ಅಂದಿದ್ದಿರಿ. ಸಂಘದವರು ನನಗೆ ದಿನಾ ಫೋನ್ ಮಾಡುತ್ತಿದ್ದಾರೆ.

ಗೆಂಡೆಮೀಸೆ:

ಕಾಟ್ಲಾ, ರೋಹು ನಿಮ್ಮ ಹಳ್ಳದ್ದಲ್ಲ, ಅಲ್ಲಿ ಮರಿ ಮಾಡುವುದೂ ಇಲ್ಲ. ಮೊದಲ ನೆರೆಗೆ ಕೊಚ್ಚಿಕೊಂಡು ಹಿನ್ನೀರಿಗೆ ಹೋಗುತ್ತವೆ. ನಿಮ್ಮ ದುಡ್ಡಿನಲ್ಲಿ ಕೆಳಗಿನ ಮೀನು ಗುತ್ತಿಗೆದಾರನಿಗೆ ಲಾಭ. ಚೀಲದಲ್ಲಿ ಬೇರೆ ಏನು ಬೆರೆತು ಬರುತ್ತದೆ ಅನ್ನುವುದು ಇನ್ನೊಂದು ಕಥೆ. ನಮ್ಮ ನೆಂಟರೊಬ್ಬರು ಕೆರೆಗೆ ಅಂತ ತಂದ ಮರಿಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿತ್ತು. 2000ದಲ್ಲೇ ಸರ್ಕಾರ ನಿಷೇಧ ಮಾಡಿದ ಮೀನು ಅದು, ಕೆರೆಯಲ್ಲಿ ಇದ್ದದ್ದನ್ನೆಲ್ಲ ತಿಂದು ಮುಗಿಸಿತು.

ಮಹಶೀರ್ ವಿಷಯ ಇನ್ನೂ ಸೂಕ್ಷ್ಮ. ಮಹಶೀರ್ ಅಂದರೆ ಒಂದೇ ಮೀನಲ್ಲ. ಕಾವೇರಿಯ ಸ್ವಂತ ಮಗು ಗೂನುಬೆನ್ನಿನ ಬಿಳಿಮೀನು. ಲೋಕದಲ್ಲಿ ಬೇರೆ ಯಾವ ನದಿಯಲ್ಲೂ ಇಲ್ಲ, ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕೆಜಿ ಇತ್ತು. ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ, ಟಾರ್ ರೆಮಾದೇವಿ ಅನ್ನುವ ಜಾತಿ ಇದೇ ಅಂತ ಗೊತ್ತಾಗಿದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಕೊನೆಯ ದರ್ಜೆಗೆ ಸೇರಿಸಿದರು. ಹುಟ್ಟುಪತ್ರ, ಐಸಿಯು ಎರಡೂ ಒಂದೇ ವರ್ಷ.

ಈ ಗತಿಗೆ ಡ್ಯಾಮ್, ತೋಟೆ, ಮರಳು ತೆಗೆಯುವುದು ಎಲ್ಲ ಕಾರಣ. ಜೊತೆಗೆ ಒಳ್ಳೆಯ ಮನಸ್ಸಿನಿಂದ ಮಾಡಿದ ಒಂದು ಕೆಲಸವೂ ಕಾರಣ, ನಿಮ್ಮ ಸಂಘದವರು ಮಾಡಹೊರಟಿದ್ದೂ ಅದೇ. ಲೋನಾವಳದಲ್ಲಿ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ಮಾಡಲು ಕಲಿತರು, ಅದು ಕೃಷ್ಣಾ ಕಡೆಯ ಮೀನು. ಮಹಶೀರ್ ಉಳಿಸೋಣ ಅಂತ ಅದನ್ನು ತಂದು ಕಾವೇರಿಗೂ ಬಿಟ್ಟರು. ಭೀಮೇಶ್ವರಿ, ಗಾಳಿಬೋರೆ ಕಡೆ ಗಾಳ ಹಾಕುವವರು ಹಿಡಿದ ಮೀನನ್ನು ತೂಗಿ, ಬರೆದು, ವಾಪಸ್ ಬಿಡುತ್ತಿದ್ದರು. 1998ರಿಂದ 2012ರ ತನಕದ ಆ ಲೆಕ್ಕ ತೆಗೆದು ನೋಡಿದಾಗ ನೀಲಿ ರೆಕ್ಕೆಯದ್ದು ಏರುತ್ತಾ ಹೋಗಿತ್ತು. ಗೂನುಬೆನ್ನಿನದ್ದು ಕಡಿಮೆಯಾಗುತ್ತಾ ಕೊನೆಗೆ ದೊಡ್ಡವು ಮಾತ್ರ ಅಲ್ಲೊಂದು ಇಲ್ಲೊಂದು ಸಿಗುತ್ತಿದ್ದವು, ಮರಿಗಳೇ ಇಲ್ಲ. ಮನೆಯಲ್ಲಿ ಅಜ್ಜಂದಿರು ಮಾತ್ರ ಇದ್ದು ಮಕ್ಕಳಿಲ್ಲದಂತೆ. ಮರಿ ಬಿಟ್ಟವರಿಗೆ ಎರಡೂ ಮಹಶೀರೇ, ಹೊಳೆಗೆ ಅಲ್ಲ.

ಬಳಚುಪ್ರಿಯೆ:

ಆ ಗೂನುಬೆನ್ನಿನ ಮೀನು ಉಳಿದಿರುವ ಜಾಗಕ್ಕೇ ಅಲ್ವಾ ಮೇಕೆದಾಟು ಡ್ಯಾಮ್ ಬರುವುದು?

ಗೆಂಡೆಮೀಸೆ:

ಹೌದು. ಶಿವನಸಮುದ್ರದಿಂದ ಕೆಳಗೆ ಮೆಟ್ಟೂರಿನ ತನಕ ಇರುವ ಕಾವೇರಿಯೇ ಅದಕ್ಕೆ ಉಳಿದಿರುವ ಮುಖ್ಯ ಮನೆಗಳಲ್ಲಿ ಒಂದು. ಎರಡು ರಾಜ್ಯದವರೂ ನೀರಿನ ಲೆಕ್ಕದಲ್ಲೇ ಜಗಳ ಆಡುತ್ತಾರೆ, ಮೀನಿನ ಪರವಾಗಿ ವಕೀಲರು ಇಲ್ಲ. ಇನ್ನು ಮುಂದೆ ಹೋದರೆ ಇಲ್ಲೂ ಜಗಳ ಶುರುವಾಗುತ್ತದೆ, ನಿಲ್ಲಿಸುತ್ತೇನೆ.

ಕಾಫಿಬೇಲಿ ಅವರೇ, ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ. ಹಳ್ಳಕ್ಕೆ ಅಡ್ಡ ಏನಿದೆ?

ಕಾಫಿಬೇಲಿ:

ಕ್ಷಮಿಸಿ ಸರ್, ಊರಿಗೆ ಹೋಗಿ ನೋಡಿಯೇ ಬರೆಯೋಣ ಅಂತ ಸುಮ್ಮನಿದ್ದೆ. ಶನಿವಾರ ಹೋಗಿದ್ದೆ. ಡ್ಯಾಮ್, ಚೆಕ್ ಡ್ಯಾಮ್ ಏನೂ ಇಲ್ಲ. ಗದ್ದೆಗಿಂತ ಕೆಳಗೆ ರಸ್ತೆಗೆ ಒಂದು ಮೋರಿ ಇದೆ. ಹತ್ತು ಹನ್ನೆರಡು ವರ್ಷದ ಹಿಂದೆ ರಸ್ತೆ ಅಗಲ ಮಾಡಿದಾಗ ಹಾಕಿದ್ದು. ಎರಡು ಸಿಮೆಂಟ್ ಪೈಪು, ಕೆಳಗೆ ಕಾಂಕ್ರೀಟ್ ಹಾಸು. ಹಾಸಿನ ಕೆಳಗೆ ವರ್ಷ ವರ್ಷ ಮಣ್ಣು ಕೊರೆದು ಈಗ ಸೊಂಟದೆತ್ತರ ಇಳುಕಲು ಆಗಿದೆ, ನೀರು ಧಬಧಬ ಬೀಳುತ್ತದೆ. ಪಲ್ಪಿಂಗ್ ನೀರು ಮೊದಲು ಬಿಡುತ್ತಿದ್ದರು, ಈಗ ಗುಂಡಿ ಮಾಡಿದ್ದಾರೆ ಅಂತ ಚಿಕ್ಕಪ್ಪ ಹೇಳುತ್ತಾರೆ, ಅವರ ತೋಟದ್ದಾದ್ದರಿಂದ ನಾನು ಜಾಸ್ತಿ ಕೇಳಲಿಲ್ಲ.

ಗೆಂಡೆಮೀಸೆ:

ಆ ಮೋರಿಯೇ ನಿಮ್ಮ ಗೊರೂರು ಡ್ಯಾಮ್. ಚಿಕ್ಕಪ್ಪ ಕೂಣಿ ಇಡುವುದು ಅದರ ಮೇಲಾ, ಕೆಳಗಾ?

ಕಾಫಿಬೇಲಿ:

ಮೇಲೆ. ಅಜ್ಜನ ಕಾಲದಿಂದ ಇಡುತ್ತಿದ್ದ ಜಾಗ ಅದೇ.

ಗೆಂಡೆಮೀಸೆ:

ಹಾಗಾದರೆ ಇನ್ನೊಂದು ದೊಡ್ಡ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಮೋರಿ ಕೆಳಗಿನ ಗುಂಡಿ ನೋಡಿ. ಸಂಘದ ದುಡ್ಡನ್ನು ಮರಿಗೆ ಹಾಕುವ ಬದಲು ಹಳ್ಳದ್ದೇ ಕಾಡುಕಲ್ಲು ತಂದು ಆ ಇಳುಕಲಿಗೆ ಇಳಿಜಾರಾಗಿ ಜೋಡಿಸಿ, ಮೊಳಕ್ಕೊಂದು ಸಣ್ಣ ಗುಂಡಿ ಬರುವ ಹಾಗೆ, ಮೀನು ನಿಂತು ಸುಧಾರಿಸಿಕೊಂಡು ಮುಂದಕ್ಕೆ ಹೋಗಬೇಕು. ನೆರೆಗೆ ಒಂದಷ್ಟು ಕಿತ್ತುಹೋಗುತ್ತದೆ, ಮರುವರ್ಷ ಮತ್ತೆ ಜೋಡಿಸಬೇಕು. ಪಂಚಾಯಿತಿಯವರಿಗೆ ಒಂದು ಮಾತು ಹೇಳಿಯೇ ಮಾಡಿ, ಇಲ್ಲದಿದ್ದರೆ ಮೋರಿ ಹಾಳುಮಾಡಿದಿರಿ ಅನ್ನುತ್ತಾರೆ. ಮತ್ತೆ ಮೊದಲ ಹದಿನೈದು ದಿನ ಕೂಣಿ ಬೇಡ. ಕಡಲಿಗೇ ಮಳೆಗಾಲದಲ್ಲಿ 61 ದಿನ ರಜೆ ಕೊಡುತ್ತೇವೆ, ಹಳ್ಳಕ್ಕೆ ಹದಿನೈದು ದಿನ ದೊಡ್ಡದಲ್ಲ.

ಬಳಚುಪ್ರಿಯೆ:

ನಮ್ಮ ಕಡೆ ಕಿಂಡಿ ಅಣೆಕಟ್ಟಿಗೂ ಇದೇ ಮಾತು. ಮಳೆಗೆ ಮುಂಚೆ ಹಲಗೆ ತೆಗೆದರೆ ಮೀನಿಗೆ ದಾರಿ, ಮರೆತರೆ ಗೋಡೆ. ಹಿಂದಿನವರು ಕಟ್ಟುತ್ತಿದ್ದ ಮಣ್ಣಿನ ಕಟ್ಟ ಮಳೆಗೆ ತಾನೇ ಕೊಚ್ಚಿಹೋಗುತ್ತಿತ್ತು, ಯಾರೂ ನೆನಪಿಡಬೇಕಾಗಿರಲಿಲ್ಲ.

ಕಾಫಿಬೇಲಿ:

ಸರ್, ನಿನ್ನೆ ರಾತ್ರಿ ಜೋರು ಮಳೆ. ತಮ್ಮನಿಗೆ ಹೇಳಿ ವಿಡಿಯೋ ಕಾಲ್ ಮಾಡಿಸಿದೆ. ಮೋರಿ ಕೆಳಗಿನ ಗುಂಡಿಯಲ್ಲಿ ಮೀನು ಕುದಿಯುತ್ತಿವೆ ಅನ್ನಬೇಕು, ಅಷ್ಟು ಇವೆ. ಒಂದೊಂದೇ ಎಗರುತ್ತವೆ, ಕಾಂಕ್ರೀಟ್ ಅಂಚಿಗೆ ಬಡಿದು ಬೀಳುತ್ತವೆ, ಮತ್ತೆ ಎಗರುತ್ತವೆ. ಅಜ್ಜ ಫೋನ್ ಕಿತ್ತುಕೊಂಡು ನೋಡಿ ಏನೂ ಮಾತಾಡಲಿಲ್ಲ. ಸಂಘದವರಿಗೆ ಆ ವಿಡಿಯೋ ಕಳಿಸಿದ್ದೇನೆ, ಭಾನುವಾರ ಮಳೆ ಬಿಟ್ಟರೆ ಕಲ್ಲು ಜೋಡಿಸುವುದು ಅಂತ ಆಗಿದೆ. ನನ್ನ ಎರಡು ಸಾವಿರ ಟ್ರ್ಯಾಕ್ಟರ್ ಬಾಡಿಗೆಗೆ.

ಚಿಕ್ಕಪ್ಪ ಮಾತ್ರ ವಿಷಯ ಗೊತ್ತಾದ ಕೂಡಲೇ ಕೂಣಿ ಎತ್ತಿಕೊಂಡು ಮೋರಿ ಕೆಳಗೆ ಹೊರಟಿದ್ದರು. ತಮ್ಮ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಾನೆ.